ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ, ನಾನು ಹಿಂದೆ ಸರಿದುಬಿಟ್ಟೆನಾ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವಳು, ವಯಸ್ಸು 33. ಶಿವಮೊಗ್ಗದಲ್ಲಿ ನರ್ಸ್ ಆಗಿದ್ದಾಗ ಯೇಸುವನ್ನು ನಂಬಿದೆ. ದೀಕ್ಷಾಸ್ನಾನ ಆಗಿ 8 ವರ್ಷ ಆಯಿತು. ಮನೆಯಲ್ಲಿ ಬೇರೆ ಯಾರೂ ನಂಬಿದವರಿಲ್ಲ. ಎರಡು ವರ್ಷದ ಹಿಂದೆ ಅಪ್ಪನಿಗೆ ಲಕ್ವ ಹೊಡೆಯಿತು. ಕೆಲಸ ಬಿಟ್ಟು ಊರಿಗೆ ಬಂದೆ. ಅಡಿಕೆ ತೋಟವನ್ನೂ ನಾನೇ ನೋಡಿಕೊಳ್ಳುತ್ತೇನೆ. ಕಳೆದ ಮಳೆಗಾಲದಲ್ಲಿ ಅಮ್ಮ ತೀರಿಕೊಂಡರು. ಸಭೆ, ಅಂದರೆ ಚರ್ಚ್, ನಮ್ಮ ಮನೆಯಿಂದ 24 ಕಿ.ಮೀ. ದೂರ. ಅಲ್ಲಿಗೆ ಹೋಗಿ 14 ತಿಂಗಳಾಯಿತು. ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ. ಭೂಮಿ ಹುಣ್ಣಿಮೆ ದಿನ ತೋಟಕ್ಕೆ ಪೂಜೆಗೆ ಹೋಗಲೇಬೇಕು ಎಂದು ಅಪ್ಪ ಹಟ ಹಿಡಿದರು. ಅವರು ನನ್ನ ತೋಳು ಹಿಡಿದುಕೊಂಡೇ ನಡೆಯುವುದು. ಅವರು ಬಗ್ಗಿದಾಗ ನಾನೂ ಬಗ್ಗಿದೆ. ಇದನ್ನು ಮೊನ್ನೆ ಒಬ್ಬ ಬೋಧಕರಿಗೆ ಫೋನಿನಲ್ಲಿ ಹೇಳಿದೆ. ‘ರುಚಿ ನೋಡಿ ಬಿದ್ದವರಿಗೆ ಮತ್ತೆ ದಾರಿ ಇಲ್ಲ, ಇಬ್ರಿಯ 6 ಓದು’ ಎಂದರು. ಬೈಬಲಿನ ಇಬ್ರಿಯ ಪತ್ರಿಕೆಯ ಆ ಅಧ್ಯಾಯ ಓದಿದೆ. ಅವತ್ತಿನಿಂದ ಸರಿಯಾಗಿ ನಿದ್ದೆ ಇಲ್ಲ. ಬರುವ ತಿಂಗಳು ಅಮ್ಮನ ವರ್ಷದ ತಿಥಿ. ಅಲ್ಲಿ ಏನು ಮಾಡಲಿ ಅಂತಲೂ ಗೊತ್ತಾಗುತ್ತಿಲ್ಲ. ‘ಸಾಕು ಬಿಡು, ನಮ್ಮ ಜೊತೆ ನಮ್ಮ ಹಾಗೇ ಇರು’ ಅನ್ನುತ್ತಾರೆ ಚಿಕ್ಕಮ್ಮ. ನಾನು ಹಿಂದೆ ಸರಿದುಬಿಟ್ಟೆನಾ? ಸುಮ್ನೆ ಬಿಟ್ಟುಬಿಡುವುದೇ ಪ್ರಾಮಾಣಿಕವಾ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಒಂದೇ ಪ್ರಶ್ನೆಯ ಹಾಗೆ ಕಂಡರೂ ಒಳಗೆ ಮೂರಿವೆ. ಮನಸ್ಸು ಒಣಗಿರುವುದು ಒಂದು. ಭೂಮಿ ಹುಣ್ಣಿಮೆ ದಿನ ಬಗ್ಗಿದ್ದು ಇನ್ನೊಂದು. ಫೋನಿನಲ್ಲಿ ಬಂದ ಮಾತಿನ ಹೆದರಿಕೆ ಮೂರನೆಯದು. ಮೂರೂ ಒಂದಕ್ಕೊಂದು ಸುತ್ತಿಕೊಂಡು ಗಂಟಾಗಿವೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಿಸುವುದು ಬೇಡ. ನೀವು ಹಿಂದೆ ಸರಿದಿದ್ದೀರಿ ಅಂತ ನನಗೆ ಅನ್ನಿಸುವುದಿಲ್ಲ. ತುಂಬಾ ದಿನದಿಂದ ಒಬ್ಬರೇ ಇದ್ದೀರಿ ಅನ್ನಿಸುತ್ತದೆ.

ಶಿವಮೊಗ್ಗ, ಚಿಕ್ಕಮಗಳೂರು ಕಡೆಯ ಸಭೆಗಳಲ್ಲಿ 26 ವರ್ಷ ಸಭಾಪಾಲಕನಾಗಿದ್ದೆ. ನಂಬಿಕೆ ಬಿಟ್ಟು ಹೋದವರನ್ನೂ ನೋಡಿದ್ದೇನೆ. ಕೂತು ಯೋಚನೆ ಮಾಡಿ, ‘ಇನ್ನು ನನಗೆ ಯೇಸು ಬೇಡ’ ಅಂತ ತೀರ್ಮಾನಿಸಿ ಹೋದವರು ಬೆರಳೆಣಿಕೆಯಷ್ಟು. ಉಳಿದವರು ಒಂದು ಭಾನುವಾರ ತಪ್ಪಿಸಿದರು. ಆಮೇಲೆ ಒಂದು ತಿಂಗಳು, ಆಮೇಲೆ ಒಂದು ಮಳೆಗಾಲ. ಯಾಕೆ ಬರಲಿಲ್ಲ ಅಂತ ಯಾರೂ ಹೋಗಿ ಕೇಳಲಿಲ್ಲ. ಕೇಳದೇ ಇದ್ದವರಲ್ಲಿ ನಾನೂ ಒಬ್ಬ. ಅದು ಇವತ್ತಿಗೂ ನನಗೆ ನೋವು ಕೊಡುತ್ತದೆ.

ಒಂದು ಮನೆಗೆ ಮಾತ್ರ ಹೋಗಿದ್ದೆ, ಅದೂ ತಡವಾಗಿ. ಆಗುಂಬೆಯ ಕಡೆ. ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಜಾಗ ಅದು, ನಿಮಗೆ ಹೇಳಬೇಕಾಗಿಲ್ಲ. ಜುಲೈ ತಿಂಗಳು. ಆ ಹಿರಿಯರು ಏಳೆಂಟು ತಿಂಗಳಿಂದ ಸಭೆಗೆ ಬಂದಿರಲಿಲ್ಲ. ಬಚ್ಚಲು ಒಲೆಯ ಪಕ್ಕ ಮಣೆ ಹಾಕಿ ಕೂರಿಸಿದರು. ಓದೋಣ ಅಂದಾಗ ಅಟ್ಟದಿಂದ ಸತ್ಯವೇದ (ಬೈಬಲ್) ಇಳಿಸಿ ತಂದರು. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿದರೆ ರಟ್ಟಿನ ತುಂಬ ಬೂಷ್ಟು. ನಾನು ಅದನ್ನೇ ನೋಡುತ್ತಿದ್ದೇನೆ ಅಂತ ಅವರಿಗೆ ಗೊತ್ತಾಯಿತು. ಪಂಚೆಯ ತುದಿಯಿಂದ ಒರೆಸುತ್ತಾ, ‘ಓದದೇ ಬಂದಿದ್ದಲ್ಲ ಪಾಸ್ಟರೇ, ಮಳೆಗೆ ಬಂದಿದ್ದು. ಅಡಿಕೆಗೂ ಬಂದಿದೆ, ಚಪ್ಪಲಿಗೂ ಬಂದಿದೆ’ ಎಂದರು. ಆಮೇಲೆ ಒಲೆಯ ಹತ್ತಿರ ಸತ್ಯವೇದವನ್ನು ಬಿಡಿಸಿ ನಿಲ್ಲಿಸಿದರು. ನಾವು ಕಾಫಿ ಕುಡಿಯುವಷ್ಟರಲ್ಲಿ ಹಾಳೆಗಳು ಬೆಚ್ಚಗಾಗಿ ಒಂದೊಂದೇ ಬಿಟ್ಟುಕೊಂಡವು. ಅವತ್ತು ಓದಿದ್ದು ಒಂದೇ ಕೀರ್ತನೆ.

ನಿಮ್ಮ ಪತ್ರ ಓದುವಾಗ ಆ ರಟ್ಟು ನೆನಪಾಯಿತು. ಬೂಷ್ಟು ಬಂದಿದೆ, ನಿಜ. ಅದು ಎಲ್ಲಿಂದ ಬಂತು ಅಂತ ನೋಡಬೇಕಲ್ವಾ?

ಎರಡು ವರ್ಷದಲ್ಲಿ ಕೆಲಸ ಹೋಯಿತು, ಗೆಳತಿಯರ ಬಳಗ ಹೋಯಿತು, ಅಪ್ಪನ ಅರ್ಧ ಶರೀರ ಹೋಯಿತು, ಅಮ್ಮ ಹೋದರು. ರಾತ್ರಿ ಅಪ್ಪನನ್ನು ಮಗ್ಗುಲು ತಿರುಗಿಸಲು ಎಷ್ಟು ಸಲ ಏಳುತ್ತೀರೋ ನೀವು ಬರೆದಿಲ್ಲ. ಲಕ್ವ ಆದವರ ಮನೆಯಲ್ಲಿ ಅದು ಎಷ್ಟು ಅಂತ ನನಗೆ ಗೊತ್ತು. ಹೀಗಿರುವಾಗ ಪ್ರಾರ್ಥನೆಗೆ ಕೂತರೆ ಮಾತು ಬರದೇ ಇರುವುದು ದೊಡ್ಡ ಪಾಪದ ಗುರುತೇನೂ ಅಲ್ಲ. ದಣಿದಿದ್ದೀರಿ, ದುಃಖದಲ್ಲಿದ್ದೀರಿ.

ಎಲೀಯನ ಕಥೆ ನಿಮಗೆ ಗೊತ್ತಿರಬಹುದು, ಸತ್ಯವೇದದ 1 ಅರಸುಗಳು 19ನೇ ಅಧ್ಯಾಯ. ಅಷ್ಟು ದೊಡ್ಡ ಪ್ರವಾದಿ ಅರಣ್ಯದಲ್ಲಿ ಒಂದು ಗಿಡದ ಕೆಳಗೆ ಬಿದ್ದುಕೊಂಡು ‘ಸಾಕು, ನನ್ನ ಪ್ರಾಣ ತೆಗೆದುಕೋ’ ಅನ್ನುತ್ತಾನೆ. ಆಗ ಬಂದ ದೂತನು ಉಪದೇಶ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ತಿಂದು ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ತಿನ್ನಿಸಿದ. ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂತ ಹೇಳಿದ. ಆಮೇಲೆ ಎಲೀಯ ‘ನಾನೊಬ್ಬನೇ ಉಳಿದಿದ್ದೇನೆ’ ಅಂತ ದೂರು ಹೇಳಿದಾಗ, ಇನ್ನೂ 7000 ಜನ ಇದ್ದಾರೆ ಅಂತ ದೇವರು ತಿಳಿಸುತ್ತಾನೆ. ಸುಮ್ಮನೆ ತಿಳಿಸಿ ಬಿಡಲಿಲ್ಲ, ಜೊತೆಗೆ ಎಲೀಷನನ್ನೂ ಕೊಟ್ಟ. ಊಟ, ನಿದ್ದೆ, ಒಬ್ಬ ಜೊತೆಗಾರ. ಕುಸಿದ ನಂಬಿಕೆಗೆ ಅಲ್ಲಿ ಸಿಕ್ಕ ಚಿಕಿತ್ಸೆಯಲ್ಲಿ ಇವೂ ಇದ್ದವು. ಒಣಗುವುದು ಬಿಟ್ಟುಹೋದವರಿಗೆ ಮಾತ್ರ ಅಂತಲೂ ತಿಳಿಯಬೇಡಿ. ಮದರ್ ತೆರೇಸಾ ಅವರ ಖಾಸಗಿ ಪತ್ರಗಳು 2007ರಲ್ಲಿ ಅಚ್ಚಾದಾಗ ಲೋಕಕ್ಕೆ ತಿಳಿಯಿತು, ಹತ್ತಾರು ವರ್ಷ ಅವರಿಗೆ ಒಳಗೆ ಕತ್ತಲೆಯೇ ಇತ್ತು ಅಂತ. ಆ ಅಷ್ಟೂ ವರ್ಷ ಅವರು ಬೆಳಿಗ್ಗೆ ಎದ್ದು ಚರ್ಚಿನ ಬಲಿಪೂಜೆಗೆ ಹೋದರು, ರೋಗಿಗಳ ಹತ್ತಿರ ಹೋದರು.

ಇಲ್ಲಿ ಒಂದು ಮಾತು. ನೀವು ನರ್ಸ್ ಆಗಿದ್ದವರು, ಅರ್ಥವಾಗುತ್ತದೆ. ನಿದ್ದೆ ಕೆಟ್ಟು, ಊಟ ರುಚಿಸದೆ, ಯಾವುದರಲ್ಲೂ ಮನಸ್ಸಿಲ್ಲದೆ ಎರಡು ವಾರದ ಮೇಲೆ ಆಗಿದ್ದರೆ ನೀವು ರೋಗಿಗೆ ಏನು ಹೇಳುತ್ತಿದ್ದಿರಿ? ಅದನ್ನೇ ನಿಮಗೆ ಹೇಳಿಕೊಳ್ಳಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ಮನೆ ಬಿಟ್ಟು ಬರಲು ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಸಾಯಬೇಕು ಅನ್ನುವ ಯೋಚನೆ ಒಂದು ಸಲ ಬಂದರೂ ಸಾಕು, ಇವತ್ತೇ ಮಾಡಿ. ಮಾತ್ರೆ ತೆಗೆದುಕೊಂಡರೆ ನಂಬಿಕೆ ಇಲ್ಲ ಅಂತ ಹೇಳುವವರು ಸಿಕ್ಕಾರು. ಅವರ ಮಾತು ಕೇಳಬೇಡಿ.

ಈಗ ಇಬ್ರಿಯ 6. ಇದನ್ನು ನಿಧಾನವಾಗಿ ನೋಡಬೇಕು, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿದ್ದು ಇದೇ. 4ರಿಂದ 6ನೇ ವಚನ ಕಠಿಣವಾದದ್ದು, ಅದನ್ನು ಮೆತ್ತಗೆ ಮಾಡಿ ಹೇಳಲು ನನಗೆ ಇಷ್ಟವಿಲ್ಲ. ಬೆಳಕು ಕಂಡು, ರುಚಿ ನೋಡಿ, ಆಮೇಲೆ ಬಿದ್ದುಹೋದವರನ್ನು ಮತ್ತೆ ತಿರುಗಿಸುವುದು ಅಸಾಧ್ಯ ಅಂತ ಅಲ್ಲಿದೆ. ಆದರೆ ಯಾರ ವಿಷಯ ಅದು? ದೇವರ ಮಗನನ್ನು ತಾವೇ ಮತ್ತೆ ಶಿಲುಬೆಗೆ ಹಾಕಿ, ಎಲ್ಲರ ಎದುರು ಅವಮಾನ ಮಾಡುವವರ ವಿಷಯ. ಗೊತ್ತಿದ್ದೂ ಗೊತ್ತಿದ್ದೂ ಯೇಸುವನ್ನು ತಳ್ಳಿ, ಆ ತಳ್ಳುವುದರಲ್ಲೇ ನಿಂತವರು. ಅಪ್ಪನಿಗೆ ತೋಳು ಕೊಟ್ಟು ಬಗ್ಗಿ, ಆಮೇಲೆ ತಿಂಗಳುಗಟ್ಟಲೆ ಅದನ್ನೇ ನೆನೆದು ಅಳುವವರು ಆ ಸಾಲಿಗೆ ಸೇರುವುದಿಲ್ಲ. ಅದೇ ಅಧ್ಯಾಯದ 9ನೇ ವಚನಕ್ಕೆ ಬನ್ನಿ. ಇಷ್ಟು ಗಟ್ಟಿಯಾಗಿ ಮಾತಾಡಿದರೂ ನಿಮ್ಮ ವಿಷಯದಲ್ಲಿ ಇದಕ್ಕಿಂತ ಒಳ್ಳೆಯದನ್ನೇ ನಂಬಿದ್ದೇವೆ ಅನ್ನುತ್ತಾನೆ ಬರೆದವನು. ಫೋನಿನಲ್ಲಿ ನಿಮಗೆ 6ನೇ ವಚನ ಹೇಳಿದವರು 9ಕ್ಕೂ ಬಂದಿದ್ದರೆ ಚೆನ್ನಾಗಿತ್ತು.

ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹಿಂದೆ ಸರಿಯಬೇಡಿ ಅಂತ ಇಷ್ಟು ಎಚ್ಚರಿಸುವ ಈ ಪತ್ರಿಕೆ ಅದಕ್ಕೆ ಮದ್ದು ಏನು ಕೊಡುತ್ತದೆ? ‘ಗಟ್ಟಿ ಮನಸ್ಸು ಮಾಡಿಕೊಳ್ಳಿ’ ಅಂತ ಹೇಳಿ ಸುಮ್ಮನಾಗುವುದಿಲ್ಲ. 3ನೇ ಅಧ್ಯಾಯ 13ರಲ್ಲಿ, ದಿನಾ ಒಬ್ಬರಿಗೊಬ್ಬರು ಧೈರ್ಯ ಹೇಳಿ ಅನ್ನುತ್ತದೆ. 10ನೇ ಅಧ್ಯಾಯ 24, 25ರಲ್ಲಿ, ಕೂಡಿಬರುವುದನ್ನು ಬಿಡಬೇಡಿ, ಒಬ್ಬರನ್ನೊಬ್ಬರು ಪ್ರೇರೇಪಿಸಿ ಅನ್ನುತ್ತದೆ. ನಾವು ಹಿಂದೆಗೆದು ನಾಶವಾಗುವವರಲ್ಲ ಅನ್ನುವ ಪ್ರಸಿದ್ಧ ಮಾತು ಬರುವುದು ಅದೇ ಅಧ್ಯಾಯದ ಕೊನೆಗೆ. ಅಲ್ಲೂ ‘ನಾನು’ ಅಂತ ಇಲ್ಲ, ‘ನಾವು’ ಅಂತಲೇ ಇದೆ. ಈ ಒಂದು ಅಕ್ಷರ ನನಗೆ ಅರ್ಥವಾಗಲು ತುಂಬಾ ವರ್ಷ ಬೇಕಾಯಿತು.

ಮತ್ತೆ ದಾರಿ ಇದೆಯೋ ಇಲ್ಲವೋ ಅನ್ನುವ ಪ್ರಶ್ನೆ ಸಭೆಗೆ ಹೊಸದೂ ಅಲ್ಲ. ಕ್ರಿ.ಶ. 250ರಲ್ಲಿ ರೋಮನ್ ಚಕ್ರವರ್ತಿ ಡೇಸಿಯಸ್ ಒಂದು ಆಜ್ಞೆ ಹೊರಡಿಸಿದ. ಎಲ್ಲರೂ ದೇವತೆಗಳಿಗೆ ಬಲಿ ಅರ್ಪಿಸಿ, ಅರ್ಪಿಸಿದ್ದಕ್ಕೆ ಚೀಟಿ ಪಡೆಯಬೇಕು. ಜೀವಭಯಕ್ಕೆ ಬಹಳ ಕ್ರೈಸ್ತರು ಬಲಿ ಕೊಟ್ಟರು. ಕೆಲವರು ದುಡ್ಡು ಕೊಟ್ಟು ಬರೀ ಚೀಟಿ ಕೊಂಡರು. ಹಿಂಸೆ ತಣ್ಣಗಾದ ಮೇಲೆ ಅವರೆಲ್ಲ ಅಳುತ್ತಾ ಸಭೆಯ ಬಾಗಿಲಿಗೆ ಬಂದರು. ಇವರನ್ನು ಸೇರಿಸಲೇಬಾರದು ಅಂದ ರೋಮಿನ ಪಾದ್ರಿ ನೊವೇಷಿಯನ್. ಉತ್ತರ ಆಫ್ರಿಕಾದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ ಮತ್ತು ಜೊತೆಯ ಬಿಷಪರು 251ರಲ್ಲಿ ಒಟ್ಟಿಗೆ ಸೇರಿ ಚರ್ಚೆ ಮಾಡಿದರು. ಪಶ್ಚಾತ್ತಾಪಕ್ಕೆ ದಾರಿ ಇದೆ, ತಪ್ಪು ಎಷ್ಟು ದೊಡ್ಡದು ಅಂತ ನೋಡಿ ಸಮಯ ಕೊಟ್ಟು ಸೇರಿಸಿಕೊಳ್ಳೋಣ ಅಂತ ಗೊತ್ತುಮಾಡಿದರು. ಸಭೆ ಹಿಡಿದದ್ದು ಸಿಪ್ರಿಯನ್ನರ ದಾರಿಯನ್ನೇ. ನಿಜವಾಗಿ ನಂಬಿದವನು ಕೊನೆಗೂ ಬಿದ್ದುಹೋಗಬಲ್ಲನೇ ಅನ್ನುವುದರಲ್ಲಿ ಇವತ್ತಿಗೂ ಒಮ್ಮತ ಇಲ್ಲ. ದೇವರು ಆರಿಸಿದವರನ್ನು ಕೊನೆವರೆಗೂ ಉಳಿಸುತ್ತಾನೆ ಅಂತ 1618-19ರಲ್ಲಿ ನೆದರ್ಲೆಂಡ್ಸ್‌ನ ಡಾರ್ಟ್‌ನಲ್ಲಿ ಸೇರಿದ ಸುಧಾರಿತ ಸಭೆಗಳವರು ಬರೆದಿಟ್ಟರು. ಬೀಳುವುದು ಸಾಧ್ಯ ಅಂದವರು ಮೆಥಡಿಸ್ಟ್ ಸಭೆಗಳ ಮೂಲಪುರುಷ ಜಾನ್ ವೆಸ್ಲಿ. ಕಥೋಲಿಕರಲ್ಲಿ ಬಿದ್ದವರು ಏಳಲೆಂದೇ ಪಾಪನಿವೇದನೆಯ ಸಂಸ್ಕಾರ ಇದೆ. ಆದರೆ ತಿರುಗಿ ಬರಬೇಕು ಅಂತ ಬಾಗಿಲ ಹತ್ತಿರ ನಿಂತವರಿಗೆ ‘ನಿನಗಿಲ್ಲ’ ಅಂತ ಇವರಲ್ಲಿ ಯಾರೂ ಹೇಳುವುದಿಲ್ಲ.

ಯೇಸುವಿನ ಶಿಷ್ಯ ಪೇತ್ರನನ್ನೂ ನೆನೆಸಿಕೊಳ್ಳಿ. ಚಳಿ ಕಾಯಿಸಿಕೊಳ್ಳುತ್ತಾ ಕೆಂಡದ ಪಕ್ಕ ನಿಂತು ಮೂರು ಸಲ ‘ನನಗೆ ಅವನು ಗೊತ್ತೇ ಇಲ್ಲ’ ಅಂದವನು ಅವನು. ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿ ಯೇಸು ದಡದಲ್ಲಿ ಮತ್ತೆ ಕೆಂಡ ಮಾಡಿ ಮೀನು ಸುಡುತ್ತಾ ಅವನಿಗಾಗಿ ಕಾಯುತ್ತಾನೆ. ಮೊದಲು ‘ಬಂದು ಊಟ ಮಾಡಿ’ ಅನ್ನುತ್ತಾನೆ. ಮೂರು ಸಲ ‘ನನ್ನನ್ನು ಪ್ರೀತಿಸುತ್ತೀಯಾ’ ಅಂತ ಕೇಳುವುದು ಊಟ ಆದ ಮೇಲೆ. ಇನ್ನೊಂದು ವಿಷಯ ಲೂಕ 22ರಲ್ಲಿದೆ. ಪೇತ್ರ ಬೀಳುವ ಮೊದಲೇ, ಅವನ ನಂಬಿಕೆ ಕುಂದಬಾರದು ಅಂತ ಯೇಸು ಪ್ರಾರ್ಥನೆ ಮಾಡಿ ಆಗಿತ್ತು. ನಿಮಗೆ ಮಾತು ಬಾರದ ರಾತ್ರಿಗಳಲ್ಲಿ ಇದನ್ನು ನೆನೆಯಿರಿ. ನಿಮ್ಮ ಪರವಾಗಿ ಮಾತಾಡುವವರು ಒಬ್ಬರಿದ್ದಾರೆ.

ಭೂಮಿ ಹುಣ್ಣಿಮೆಯ ವಿಷಯಕ್ಕೆ ಬರುತ್ತೇನೆ. ನಿಮ್ಮ ಪತ್ರದ ಆ ಸಾಲು ಓದಿದ ತಕ್ಷಣ ನನ್ನ ಕಣ್ಣ ಮುಂದೆ ಬಂದವನು ನಾಮಾನ, 2 ಅರಸುಗಳು 5. ಅರಾಮ್ಯರ ಸೇನಾಪತಿ, ಕುಷ್ಠ ವಾಸಿಯಾಗಿ ಇಸ್ರಾಯೇಲಿನ ದೇವರನ್ನು ನಂಬಿದ. ಊರಿಗೆ ಹೊರಡುವಾಗ ಎಲೀಷನ ಹತ್ತಿರ ಒಂದು ಸಂಕಟ ಹೇಳಿಕೊಳ್ಳುತ್ತಾನೆ. ನನ್ನ ದಣಿ ರಿಮ್ಮೋನನ ಗುಡಿಗೆ ಹೋಗುವಾಗ ನನ್ನ ಕೈಗೆ ಒರಗಿಕೊಂಡು ಹೋಗುತ್ತಾನೆ, ಅವನು ಬಗ್ಗಿದರೆ ನಾನೂ ಬಗ್ಗಬೇಕಾಗುತ್ತದೆ, ಇದನ್ನು ದೇವರು ಕ್ಷಮಿಸಲಿ ಅಂತ. ನಿಮ್ಮದೇ ಕಥೆ ಅಲ್ವಾ? ಎಲೀಷ ಅದು ಸರಿ ಅಂತಲೂ ಹೇಳಲಿಲ್ಲ, ತಪ್ಪು ಅಂತಲೂ ಹೇಳಲಿಲ್ಲ. ಸಮಾಧಾನದಿಂದ ಹೋಗು ಎಂದ.

ಎಲ್ಲ ಸಭಾಪಾಲಕರೂ ಇದನ್ನು ಒಪ್ಪುವುದಿಲ್ಲ. ದಾನಿಯೇಲನ ಮೂವರು ಗೆಳೆಯರು ಬಗ್ಗದೆ ಬೆಂಕಿಗೆ ಹೋದರು ಅಂತ ಅವರು ತೋರಿಸುತ್ತಾರೆ. ಅದೂ ಸತ್ಯವೇದವೇ. ಆದರೆ ಆ ಮೂವರಿಗೆ ಬಗ್ಗು ಅಂದದ್ದು ಅಧಿಕಾರ ತೋರಿಸುವ ಅರಸ. ನಿಮ್ಮ ಮೇಲೆ ಒರಗಿದ್ದು ಕಾಲಲ್ಲಿ ಬಲವಿಲ್ಲದ ಅಪ್ಪ. ನನ್ನ ಮಟ್ಟಿಗೆ ಹೇಳುವುದಾದರೆ, ಅಪ್ಪನಿಗೆ ಆಸರೆಯಾಗಿ ನಿಂತದ್ದು ಆರಾಧನೆ ಅಲ್ಲ, ಮಗಳ ಕೆಲಸ. ಬಗ್ಗಿದ್ದು ನಿಮ್ಮ ಮನಸ್ಸಾಕ್ಷಿಯನ್ನು ಚುಚ್ಚುತ್ತಿದ್ದರೆ ಅದನ್ನು ದೇವರ ಮುಂದೆ ಒಂದು ಸಲ ಹೇಳಿ ಇಳಿಸಿ. ದಿನಾ ಎತ್ತಿ ಹೊರಬೇಡಿ.

ಇನ್ನು ಮುಂದಿನ ದಾರಿ. ‘ಬಿಟ್ಟುಬಿಡುವುದೇ ಪ್ರಾಮಾಣಿಕವಾ’ ಅಂತ ಕೇಳಿದ್ದೀರಿ. ಉಳಿಯುವುದೂ ಬಿಡುವುದೂ ನಿಮ್ಮ ಮನಸ್ಸಾಕ್ಷಿಗೆ ಸೇರಿದ್ದು. ಸಂವಿಧಾನದ 25ನೇ ವಿಧಿ ಕೊಡುವ ಸ್ವಾತಂತ್ರ್ಯ ಎರಡಕ್ಕೂ ಇದೆ. ಚಿಕ್ಕಮ್ಮನಾಗಲಿ ನಾನಾಗಲಿ ನಿಮ್ಮನ್ನು ಎಳೆಯುವಂತಿಲ್ಲ. ನನ್ನ ಆಸೆ ನೀವು ಉಳಿಯಬೇಕು ಅನ್ನುವುದೇ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಈ ಮಳೆಯಲ್ಲಿ, ಅಮ್ಮನ ವರ್ಷ ತುಂಬುವ ಹೊತ್ತಿನಲ್ಲಿ, ನಿದ್ದೆ ಇಲ್ಲದ ಕಣ್ಣಿನಲ್ಲಿ ಯಾವ ತೀರ್ಮಾನವೂ ಬೇಡ. ತೋಟ ಮಾರುವ ಯೋಚನೆ ಬಂದಿದ್ದರೂ ಇದನ್ನೇ ಹೇಳುತ್ತಿದ್ದೆ. ಚಿಕ್ಕಮ್ಮನ ಮೇಲೂ ಸಿಟ್ಟು ಬೇಡ. ‘ನಮ್ಮ ಜೊತೆ ಇರು’ ಅನ್ನುವುದರಲ್ಲಿ ಪ್ರೀತಿ ಇದೆ. ಜೊತೆಗಿರಿ. ಅವರ ಜೊತೆ ಇರಲು ಯೇಸುವನ್ನು ಬಿಡಬೇಕಾಗಿಲ್ಲ.

ಮೊಬೈಲಿನಲ್ಲಿ ಆರಾಧನೆ ನೋಡುವುದು ಒಂದು ದಾರಿ. ಬಹಳ ಜನ ಮಾಡುತ್ತಾರೆ, ನೆಟ್‌ವರ್ಕ್ ಸಿಗುವ ಗುಡ್ಡದ ಮೇಲೆ ಹೋಗಿ ಕೇಳುವವರನ್ನೂ ಬಲ್ಲೆ. ಏನೂ ಇಲ್ಲದ್ದಕ್ಕಿಂತ ಮೇಲು. ತೊಂದರೆ ಏನೆಂದರೆ, ಅಲ್ಲಿ ಮಾತಾಡುವವರಿಗೆ ನೀವು ಯಾರು ಅಂತ ಗೊತ್ತಿಲ್ಲ. ನೀವು ಒಂದು ವಾರ ಅತ್ತರೂ ಅವರಿಗೆ ತಿಳಿಯುವುದಿಲ್ಲ. ಕಾಣಿಕೆ ಹಾಕಿದರೆ ಅಪ್ಪ ಎದ್ದು ನಡೆಯುತ್ತಾರೆ ಅಂತ ಆಸೆ ಹುಟ್ಟಿಸಿ ಯುಪಿಐ ನಂಬರ್ ತೋರಿಸುವವರೂ ಇದ್ದಾರೆ. ಅಂಥ ಆಸೆ ಒಡೆದಾಗ ಎಷ್ಟೋ ಜನರ ನಂಬಿಕೆಯೂ ಜೊತೆಗೇ ಒಡೆದಿದ್ದನ್ನು ನೋಡಿದ್ದೇನೆ. ಅಪ್ಪನನ್ನು ಕರೆದುಕೊಂಡು ಶಿವಮೊಗ್ಗಕ್ಕೇ ವಾಪಸ್ ಹೋಗುವುದು ಇನ್ನೊಂದು. ಸಭೆ, ಗೆಳತಿಯರು, ಆಸ್ಪತ್ರೆ ಎಲ್ಲ ಹತ್ತಿರ. ಆದರೆ ತೋಟ ಬಿಟ್ಟು ಬಂದ ಅಪ್ಪ ಬಾಡಿಗೆ ಮನೆಯ ಗೋಡೆ ನೋಡುತ್ತಾ ಕೂತರೆ ಆ ಭಾರವೂ ನಿಮ್ಮ ಮೇಲೇ.

ನಾನು ನಿಮಗೆ ಹೇಳುವುದು ಚಿಕ್ಕ ದಾರಿ. ನಿಮ್ಮ ಸಭೆಯಲ್ಲಿ ನಿಮಗೆ ಹಿಡಿಸಿದ ಒಬ್ಬ ಹೆಂಗಸನ್ನು ನೆನಪು ಮಾಡಿಕೊಳ್ಳಿ. ಒಬ್ಬರೇ ಸಾಕು. ವಾರಕ್ಕೊಂದು ದಿನ, ಗೊತ್ತಾದ ಹೊತ್ತಿಗೆ, 15 ನಿಮಿಷ ಫೋನ್. ಅವರು ಒಂದು ಕೀರ್ತನೆ ಓದಲಿ, ನೀವು ಕೇಳಿ. ಮಾತು ಬಾರದಿದ್ದರೆ ಬೇಡ. ಶುರು ಮಾಡುವುದಿದ್ದರೆ 13ನೇ ಕೀರ್ತನೆಯಿಂದ ಮಾಡಿ, ‘ಎಷ್ಟರವರೆಗೆ’ ಅಂತ ನಾಲ್ಕು ಸಲ ಕೇಳುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ. ಅಂಥದ್ದನ್ನೂ ಪ್ರಾರ್ಥನೆ ಅಂತ ಸತ್ಯವೇದದಲ್ಲಿ ಇಟ್ಟಿದ್ದಾರೆ ಅನ್ನುವುದೇ ನನಗೆ ದೊಡ್ಡ ಸಮಾಧಾನ. ತಿಂಗಳಿಗೊಂದು ಭಾನುವಾರ, ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನ ಇರುವ ದಿನ ನೋಡಿ, ಅಪ್ಪನ ಹತ್ತಿರ ಚಿಕ್ಕಮ್ಮನನ್ನೇ ಕೂರಿಸಿ ಹೋಗಿಬನ್ನಿ. ಅದೂ ಆಗದ ತಿಂಗಳು ಸಭಾಪಾಲಕರನ್ನೇ ಮನೆಗೆ ಕರೆಯಿರಿ. ಹಾಸಿಗೆ ಹಿಡಿದವರ, ಅವರನ್ನು ನೋಡಿಕೊಳ್ಳುವವರ ಮನೆಗೆ ಬರುವುದು ನಮ್ಮ ಕೆಲಸ. ಉಪಕಾರ ಕೇಳಿದ ಹಾಗೆ ಕೇಳಬೇಡಿ.

ಅಡಿಕೆಯ ಕೊಳೆರೋಗಕ್ಕೆ ಹೊಡೆಸುವ ಔಷಧಿಯ ಲೆಕ್ಕ ನಿಮಗೆ ಗೊತ್ತಿದೆ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲೇ ಒಂದು ಸಲ, 40-45 ದಿನ ಬಿಟ್ಟು ಮತ್ತೆ. ಕೊಳೆ ಕಾಣಲಿ ಆಮೇಲೆ ಹೊಡೆಸೋಣ ಅಂತ ಯಾರೂ ಕೂರುವುದಿಲ್ಲ. ಇದೂ ಹಾಗೇ. ಮನಸ್ಸು ಬಂದಾಗ ಫೋನ್ ಮಾಡುತ್ತೇನೆ ಅಂದರೆ ಆಗುವುದಿಲ್ಲ, ದಿನ ಗೊತ್ತು ಮಾಡಿ.

ಈ ದಾರಿಯಲ್ಲೂ ಅಪಾಯ ಇದೆ. ಹಳ್ಳಿಮನೆಗೆ ಜೀಪಿನ ತುಂಬ ಜನ ಬಂದು ಜೋರಾಗಿ ಹಾಡಿದರೆ ಮತಾಂತರದ ಮಾತು ಏಳುತ್ತದೆ, ಅದನ್ನು ತಡೆಯಬೇಕಾದವರು ನೀವೊಬ್ಬರೇ ಆಗುತ್ತೀರಿ. ಆದ್ದರಿಂದ ಅಪ್ಪನಿಗೆ ಮೊದಲೇ ಹೇಳಿ, ಅವರು ಒಪ್ಪಿದ ಮೇಲೆ ಇಬ್ಬರೋ ಮೂವರೋ ಬರಲಿ. ಅಪ್ಪನ ಆರೋಗ್ಯ ವಿಚಾರಿಸಿ, ಕಾಫಿ ಕುಡಿದು, ಓದಿ ಹೋಗಲಿ. ಇನ್ನು ಆ ಜೊತೆಗಾತಿ ನಿಮ್ಮ ಮದುವೆ, ದುಡ್ಡು, ಆಸ್ತಿ ಎಲ್ಲದಕ್ಕೂ ‘ದೇವರು ನನಗೆ ಹೇಳಿದ’ ಅಂತ ಶುರು ಮಾಡಿದರೆ ಅಲ್ಲಿಗೆ ನಿಲ್ಲಿಸಿ, ಬೇರೆಯವರನ್ನು ನೋಡಿ. ಫೋನಿನಲ್ಲಿ ಹೆದರಿಸಿದ ಆ ಬೋಧಕರು ಮತ್ತೆ ಫೋನ್ ಮಾಡಿದರೆ ಎತ್ತಲೇಬೇಕು ಅಂತೇನೂ ಇಲ್ಲ.

ಉಳಿದದ್ದು ತಿಥಿ. ಆ ದಿನ ಬೆಳಿಗ್ಗೆ ಒಲೆ ಮುಂದೆ ನಿಂತು ಗೊಂದಲ ಪಡುವ ಬದಲು ಈ ವಾರವೇ ಅಪ್ಪನ ಹತ್ತಿರ ಕೂತು ಮಾತಾಡಿ. ನೀವು ಏನು ಮಾಡಬಲ್ಲಿರಿ, ಏನು ಮಾಡಲಾರಿರಿ ಅಂತ ಮೆಲ್ಲಗೆ ಹೇಳಿ. ಅಡುಗೆ ಮಾಡಬಹುದು, ಬಂದವರಿಗೆ ಬಡಿಸಬಹುದು, ಅಪ್ಪನನ್ನು ಎತ್ತಿ ಕೂರಿಸಬಹುದು. ಕ್ರಿಯೆಯಲ್ಲಿ ಕೂರಲು ಮನಸ್ಸಾಕ್ಷಿ ಒಪ್ಪದಿದ್ದರೆ ಆ ಜಾಗಕ್ಕೆ ಚಿಕ್ಕಪ್ಪನೋ ದಾಯಾದಿಗಳೋ ಬರಲಿ, ಅದನ್ನು ಮೊದಲೇ ಗೊತ್ತು ಮಾಡಿ. ಬೇಸರ ಆಗಬಹುದು, ಯಾರಾದರೂ ಒಂದು ಮಾತು ಅಂದಾರು. ಆ ದಿನ ಎಲ್ಲರೆದುರು ಆಗುವುದಕ್ಕಿಂತ ಈಗ ಮನೆಯೊಳಗೆ ಆಗುವುದು ವಾಸಿ.

ಎಲ್ಲರೂ ಹೋದ ಮೇಲೆ, ಸಂಜೆ, ಅಮ್ಮ ಕೂರುತ್ತಿದ್ದ ಜಾಗದಲ್ಲಿ ಕೂತು 23ನೇ ಕೀರ್ತನೆ ಜೋರಾಗಿ ಓದಿ. ಅಪ್ಪನಿಗೆ ಕೇಳಿಸಿದರೂ ಪರವಾಗಿಲ್ಲ. ನಿಮ್ಮ ಇಡೀ ಪತ್ರದಲ್ಲಿ ಅಮ್ಮ ತೀರಿಕೊಂಡ ಬಗ್ಗೆ ಇರುವುದು ಒಂದೇ ಸಾಲು. ಮುಂದಿನ ಸಲ ಬರೆಯುವಾಗ ಅಮ್ಮನ ಬಗ್ಗೆ ಬರೆಯಿರಿ. ಅವರು ಹೇಗಿದ್ದರು, ನೀವು ದೀಕ್ಷಾಸ್ನಾನ ತೆಗೆದುಕೊಂಡಾಗ ಏನಂದರು, ಕೊನೆಯ ದಿನಗಳಲ್ಲಿ ಏನು ಕೇಳಿದರು. ನಾನು ಓದುತ್ತೇನೆ.